ಮುದುವೊಳಲಿನಿಂದ ಮುಧೋಳಕ್ಕೆ: ರೈಲು ನಿಲ್ದಾಣದ ಹೆಸರೂ ವಿಶ್ವಕೋಶದ ಶೀರ್ಷಿಕೆಯೂ

ತಮ್ಮ ಹುಟ್ಟೂರನ್ನು ರನ್ನನಷ್ಟು ಖಚಿತವಾಗಿ ಗುರುತಿಸಿ ಹೇಳಿದ ಪ್ರಾಚೀನ ಕನ್ನಡ ಕವಿಗಳು ಹೆಚ್ಚಿಲ್ಲ. ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಪೂರ್ಣಗೊಂಡ ಅಜಿತಪುರಾಣದಲ್ಲಿ ಅವನು ತಾನು ಬಳೆಗಾರ ಕುಲದವನೆಂದೂ ಜಿನವಲ್ಲಭ-ಅಬ್ಬಲಬ್ಬೆಯರ ಮಗನೆಂದೂ ಪರಿಚಯಿಸಿಕೊಳ್ಳುತ್ತಾನೆ. ಅನಂತರ ಬೆಳುಗಲಿ ನಾಡು, ಅದರೊಳಗೆ ಜಂಬುಖಂಡಿ ಎಪ್ಪತ್ತು, ಅದರೊಳಗೆ ಮುದುವೊಳಲ್ ಎಂದು ಮೆಟ್ಟಿಲು ಮೆಟ್ಟಿಲಾಗಿ ತನ್ನ ಊರಿಗೆ ಇಳಿಯುತ್ತಾನೆ. ಜಂಬುಖಂಡಿಯೆಂದರೆ ಇಂದಿನ ಜಮಖಂಡಿ; ಮುದುವೊಳಲ್ ಎಂದರೆ ಘಟಪ್ರಭೆಯ ದಡದ ಇಂದಿನ ಮುಧೋಳ. ಸಾವಿರ ವರ್ಷಗಳ ಹಿಂದಿನ ಓದುಗನು ಈ ವಿಳಾಸ ಹಿಡಿದು ಹೊರಟಿದ್ದರೆ ದಾರಿ ತಪ್ಪುತ್ತಿರಲಿಲ್ಲ. ಒಂದೇ ಹೆಸರಿನ ಹಲವು ಊರುಗಳಿರುವ ನಾಡಿನಲ್ಲಿ ಯಾವ ಊರು ಎಂಬುದನ್ನು ಗೊಂದಲವಿಲ್ಲದೆ ಹೇಳುವ ಕ್ರಮವೊಂದು ನಮ್ಮಲ್ಲಿ ಆಗಲೇ ರೂಢಿಯಲ್ಲಿತ್ತೆಂಬುದಕ್ಕೆ ಇದು ಸಾಕ್ಷಿ.

ಈ ಹಳೆಯ ವಿಳಾಸವನ್ನು ಇಂದು ನೆನೆಯುವುದಕ್ಕೆ ಕಾರಣ ರೈಲು. ಬಾಗಲಕೋಟೆಯನ್ನು ಕುಡಚಿಗೆ ಜೋಡಿಸುವ ಸುಮಾರು 142 ಕಿಲೋಮೀಟರ್ ಉದ್ದದ ಹೊಸ ಮಾರ್ಗಕ್ಕೆ 2010-11ರಲ್ಲಿ ಮಂಜೂರಾತಿ ದೊರೆಯಿತು. ಈ ಮಾರ್ಗಕ್ಕಾಗಿ ನಮ್ಮ ಭಾಗದ ಜನ ಮನವಿ, ಧರಣಿ, ಸತ್ಯಾಗ್ರಹಗಳನ್ನು ವರ್ಷಗಟ್ಟಲೆ ನಡೆಸಿದ್ದಾರೆ. ಬಾಗಲಕೋಟೆಯಿಂದ ಹೊರಡುವ ಈ ಮಾರ್ಗದ ದಾರಿಯಲ್ಲಿ ಖಜ್ಜಿಡೋಣಿ, ಲೋಕಾಪುರ, ಮುಧೋಳ, ಜಮಖಂಡಿ, ತೇರದಾಳಗಳಿವೆ. ಹಳಿ ಬರುವುದಕ್ಕೆ ಮೊದಲೇ ಅಂತರ್ಜಾಲದ ವಿಶ್ವಕೋಶಗಳಲ್ಲಿ ನಿಲ್ದಾಣಗಳ ಪುಟಗಳನ್ನು ಬರೆಯುವ ಉತ್ಸಾಹ ತರುಣರಲ್ಲಿ ಕಾಣುತ್ತಿದೆ. ಅಂಥ ಉತ್ಸಾಹಿಯಾದ ವಿದ್ಯಾರ್ಥಿನಿಯೊಬ್ಬಳು ವಿಭಾಗಕ್ಕೆ ಬಂದು, “ಸರ್, ಒಂದೊಂದು ಕಡೆ ಒಂದೊಂದು ಥರಾ ಬರದಾರ. ಮುಧೋಳ ಅನ್ಲೋ, ಮುದೋಳ ಅನ್ಲೋ? ರೈಲು ನಿಲ್ದಾಣ ಅನ್ಲೋ, ರೈಲ್ವೆ ಸ್ಟೇಶನ್ ಅನ್ಲೋ? ಯಾವ್ದು ಹಾಕ್ಲಿ?” ಎಂದು ಕೇಳಿದಳು. ಮೇಲುನೋಟಕ್ಕೆ ಇದು ಕಾಗುಣಿತದ ಪ್ರಶ್ನೆ. ವಿಚಾರಿಸುತ್ತ ಹೋದರೆ ಇದು ಗ್ರಂಥಸಂಪಾದನೆಯ ಪ್ರಶ್ನೆ. ಹಲವು ಪಾಠಗಳಿರುವಲ್ಲಿ ಯಾವುದನ್ನು ಮೂಲವೆಂದು ಸ್ವೀಕರಿಸಬೇಕು, ಉಳಿದವನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆ.

ಮೊದಲು ವಿಶ್ವಕೋಶದ ನಿಯಮವನ್ನು ನೋಡೋಣ. ಇಂಗ್ಲಿಷ್ ವಿಕಿಪೀಡಿಯವು ಲೇಖನದ ಶೀರ್ಷಿಕೆಗೆ ಐದು ಗುಣಗಳನ್ನು ಬಯಸುತ್ತದೆ: ಓದುಗನಿಗೆ ಅದು ಗುರುತು ಸಿಗಬೇಕು, ಸಹಜವಾಗಿರಬೇಕು, ಖಚಿತವಾಗಿರಬೇಕು, ಸಂಕ್ಷಿಪ್ತವಾಗಿರಬೇಕು, ಅದೇ ಬಗೆಯ ಇತರ ಶೀರ್ಷಿಕೆಗಳೊಂದಿಗೆ ಹೊಂದಿಕೊಳ್ಳಬೇಕು. ಅಧಿಕೃತ ಹೆಸರು ಮತ್ತು ಬಳಕೆಯ ಹೆಸರು ಬೇರೆಯಾದಾಗ, ನಂಬಲರ್ಹವಾದ ಇಂಗ್ಲಿಷ್ ಆಕರಗಳಲ್ಲಿ ಹೆಚ್ಚಾಗಿ ಕಾಣುವ ರೂಪವನ್ನೇ ಅದು ಸಾಮಾನ್ಯವಾಗಿ ಆರಿಸಿಕೊಳ್ಳುತ್ತದೆ. ಭಾರತದ ನಿಲ್ದಾಣಗಳಿಗೆ ಊರಿನ ಹೆಸರಿನ ಮುಂದೆ ‘ರೈಲ್ವೆ ಸ್ಟೇಷನ್’ ಎಂದು ಸೇರಿಸುವುದು ಅಲ್ಲಿನ ರೂಢಿ. ಆ ಎರಡು ಪದಗಳನ್ನು ಸಣ್ಣಕ್ಷರದಿಂದ ಆರಂಭಿಸುತ್ತಾರೆ. ಏಕೆಂದರೆ ಅವು ಹೆಸರಿನ ಭಾಗವಲ್ಲ, ವಿವರಣೆ ಮಾತ್ರ. ನಾಮ ಯಾವುದು, ನಾಮಕ್ಕೆ ಅಂಟಿದ ವಿವರಣೆ ಯಾವುದು ಎಂಬ ಈ ವಿವೇಕ ನಮ್ಮ ವೈಯಾಕರಣರಿಗೂ ಮೆಚ್ಚುಗೆಯಾಗುತ್ತಿತ್ತು.

ನಿಯಮದಲ್ಲಿ ದೋಷವಿಲ್ಲ. ತೊಡಕಿರುವುದು ಆಕರಗಳಲ್ಲಿ. ‘ಹೆಚ್ಚಿನ ಆಕರಗಳು ಏನೆನ್ನುತ್ತವೆ’ ಎಂದು ಕೇಳುವಾಗ, ಆ ಆಕರಗಳನ್ನು ಬರೆದವರು ಯಾರು, ಅವರು ಊರಿನ ಹೆಸರನ್ನು ಯಾರ ಬಾಯಿಂದ ಕೇಳಿದರು ಎಂಬುದನ್ನೂ ಕೇಳಬೇಕಾಗುತ್ತದೆ. ನಮ್ಮ ಭಾಗದ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿರಿ. ಕನ್ನಡದಲ್ಲಿ ಜಮಖಂಡಿ, ರೋಮನ್ ಬರಹದಲ್ಲಿ ‘ಜಮ್ಖಂಡಿ’. ಕನ್ನಡದಲ್ಲಿ ರಬಕವಿ, ಬನಹಟ್ಟಿ. ರೋಮನ್ನಿನಲ್ಲಿ ‘ರಬ್ಕವಿ’, ‘ಬನ್ಹಟ್ಟಿ’. ತೇರದಾಳವು ‘ತೇರ್ದಾಲ್’ ಆಗುತ್ತದೆ, ಬಾಗಲಕೋಟೆಯು ‘ಬಾಗಲ್ಕೋಟ್’ ಆಗುತ್ತದೆ, ಬೀಳಗಿ ಅನೇಕ ಕಡೆ ‘ಬಿಲ್ಗಿ’ ಎಂದಿದೆ. ಎಲ್ಲ ಕಡೆಯೂ ಪದದ ನಡುವಿನ ಅಕಾರ ಬಿದ್ದುಹೋಗಿದೆ. ಇದು ಬರಹಗಾರರ ಅಲಕ್ಷ್ಯದಿಂದ ಆದುದಲ್ಲ; ಇದಕ್ಕೊಂದು ಚರಿತ್ರೆಯಿದೆ.

ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನವಾಗಿತ್ತು, ಮುಧೋಳ ಘೋರ್ಪಡೆಯವರದು, ತೇರದಾಳ ಮತ್ತು ರಬಕವಿಗಳು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಳ್ಳುವವರೆಗೆ ದರಬಾರಿನ ಕಾಗದಪತ್ರಗಳಲ್ಲಿ ಮರಾಠಿಯ ಪ್ರಾಬಲ್ಯವಿತ್ತು. ಮರಾಠಿಯ ಉಚ್ಚಾರಣೆಯಲ್ಲಿ ಪದಮಧ್ಯದ ಮತ್ತು ಪದಾಂತ್ಯದ ಅಕಾರ ಸಾಮಾನ್ಯವಾಗಿ ಲೋಪವಾಗುತ್ತದೆ. ಅಲ್ಲಿ ‘ಜಮಖಂಡಿ’ ಎಂದೇ ಬರೆದರೂ ಓದುವುದು ‘ಜಮ್‌ಖಂಡಿ’ ಎಂದು. ಇಂಗ್ಲಿಷ್ ಅಧಿಕಾರಿಗಳು ಕಿವಿಗೆ ಬಿದ್ದುದನ್ನೇ ರೋಮನ್ ಲಿಪಿಗೆ ಇಳಿಸಿದರು. ಗ್ಯಾಸೆಟಿಯರು ಅದನ್ನು ಮುದ್ರಿಸಿತು. ನಕಾಶೆ, ಅಂಚೆ, ರೈಲ್ವೆಗಳು ಅದನ್ನೇ ಅನುಸರಿಸಿದವು. ನಮ್ಮ ಭಾಗದ ಆಡುಮಾತಿನಲ್ಲಿಯೂ ಅವಸರದಲ್ಲಿ ಈ ಅಕಾರ ಸವೆಯುವುದುಂಟು. ಬಸ್‌ಸ್ಟ್ಯಾಂಡಿನಲ್ಲಿ ‘ಜಮ್ಖಂಡಿ, ಜಮ್ಖಂಡಿ’ ಎಂದು ಕೂಗುವ ಕಂಡಕ್ಟರನು ಮರಾಠಿಯವನಾಗಬೇಕೆಂದಿಲ್ಲ. ಆದರೆ ಆಡುವಾಗ ಸವೆಯುವುದು ಬೇರೆ, ಬರಹದಲ್ಲಿ ಅಳಿದುಹೋಗುವುದು ಬೇರೆ. ಸವೆದ ಅಕ್ಷರವು ವಿಭಕ್ತಿ ಹಚ್ಚಿದಾಗಲೋ ನಿಧಾನವಾಗಿ ಹೇಳಿದಾಗಲೋ ಮರಳಿ ಬರುತ್ತದೆ. ಅಳಿದುದು ಬರುವುದಿಲ್ಲ.

ಮುಧೋಳದ ಮಾತು ಇನ್ನೂ ಸೂಕ್ಷ್ಮವಾದುದು. ‘ಮುದು’ ಎಂದರೆ ಹಳೆಯ, ‘ಪೊೞಲ್’ ಎಂದರೆ ಪಟ್ಟಣ. ಎರಡೂ ಸೇರಿದಾಗ ಪಕಾರಕ್ಕೆ ವಕಾರ ಬಂದು ಮುದುವೊಳಲ್ ಆಯಿತು. ಹಳೆಯ ಪಟ್ಟಣ ಎಂದೇ ಅದರ ಅರ್ಥ. ಹಳಗನ್ನಡದ ಪಕಾರವು ಮುಂದೆ ಹಕಾರವಾದುದನ್ನು ನಾವೆಲ್ಲ ತರಗತಿಯಲ್ಲಿ ಕಲಿತಿದ್ದೇವೆ. ಪೊೞಲ್ ಎಂಬುದು ಹೊಳಲು ಆದದ್ದು ಹೊಳಲ್ಕೆರೆಯ ಹೆಸರಿನಲ್ಲಿ ಕಣ್ಣಿಗೆ ಕಾಣುವಂತಿದೆ. ‘ಮುದು’ ಮತ್ತು ‘ಹೊಳಲ್’ ಬೆಸೆದು, ನಡುವಿನ ಉಕಾರ ಬಿದ್ದು, ದಕಾರಕ್ಕೆ ಹಕಾರ ತಾಗಿದಾಗ ಹುಟ್ಟಿದ್ದೇ ಇಂದಿನ ಧಕಾರವೆಂದು ನನಗೆ ತೋರುತ್ತದೆ. ಈ ಊಹೆ ಸರಿಯಾದರೆ, ‘ಮುಧೋಳ’ದ ಮಹಾಪ್ರಾಣವು ಸಂಸ್ಕೃತದ ಮೋಹದಿಂದ ಅಂಟಿಸಿದ ಅಲಂಕಾರವಲ್ಲ. ಅದು ಹಳಗನ್ನಡದ ಒಂದು ಪಕಾರ ಬಿಟ್ಟುಹೋದ ಗುರುತು. ಕೊನೆಯ ಳಕಾರವೂ ಅಂಥದೇ. ರೋಮನ್ ಬರಹದಲ್ಲಿ ಅದು ಲಕಾರವಾಗಿಬಿಡುತ್ತದೆ. ಹಿಂದಿಯ ಬಳಕೆಯಲ್ಲಿ ಳಕಾರವಿಲ್ಲದಿದ್ದರೂ ದೇವನಾಗರಿಯಲ್ಲಿ ಮರಾಠಿಗರು ಬಳಸುವ ಳಕಾರದ ಅಕ್ಷರವಿದೆ. ನಿಲ್ದಾಣದ ಫಲಕದ ಹಿಂದಿ ಸಾಲಿನಲ್ಲಿ ಅದನ್ನು ಬರೆಯುವುದಕ್ಕೆ ಅಡ್ಡಿಯೇನೂ ಇಲ್ಲ. ವಿದ್ಯಾರ್ಥಿನಿಯ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ: ‘ಮುಧೋಳ’ವೇ ಶೀರ್ಷಿಕೆಯಾಗಲಿ, ‘ಮುದೋಳ’ವನ್ನು ಹುಡುಕಿ ಬಂದವರನ್ನು ಅದೇ ಪುಟಕ್ಕೆ ಕರೆತರಲಿ.

ಹೀಗೆ ಕರೆತರುವ ಏರ್ಪಾಡು ವಿಶ್ವಕೋಶದಲ್ಲಿಯೇ ಇದೆ. ಅದನ್ನು ಪುನರ್ನಿರ್ದೇಶನ ಎನ್ನುತ್ತಾರೆ. ಒಬ್ಬನು ಯಾವ ರೂಪವನ್ನೇ ಬೆರಳಚ್ಚಿಸಲಿ, ಯಂತ್ರವು ಅವನನ್ನು ಒಂದೇ ಪುಟಕ್ಕೆ ತಲುಪಿಸುತ್ತದೆ. ಗ್ರಂಥಸಂಪಾದಕನ ಕೆಲಸವನ್ನು ಬಲ್ಲವರಿಗೆ ಇದು ಹೊಸದಲ್ಲ. ಸಂಪಾದಕನು ಒಂದು ಪಾಠವನ್ನು ಮೂಲದಲ್ಲಿಟ್ಟು, ಉಳಿದ ಪಾಠಾಂತರಗಳನ್ನು ಪುಟದ ಕೆಳಗೆ ಕೊಡುತ್ತಾನೆ, ಯಾವುದನ್ನೂ ಕಳೆಯುವುದಿಲ್ಲ. ಮುಧೋಳದ ಪುಟಕ್ಕೆ ಮುದೋಳ, ಮುದುವೊಳಲ್, ಇಂಗ್ಲಿಷಿನ ‘ಮುಧೋಲ್’ ಎಲ್ಲವೂ ದಾರಿಗಳಾಗಬೇಕು. ಹಾಗಾದಾಗ ಅಜಿತಪುರಾಣವನ್ನು ಓದುತ್ತ ‘ಮುದುವೊಳಲ್ ಎಲ್ಲಿದೆ?’ ಎಂದು ಹುಡುಕುವ ದೂರದ ಸಂಶೋಧಕನೂ, ರೈಲಿನ ವೇಳೆ ಹುಡುಕುವ ಪ್ರಯಾಣಿಕನೂ ಒಂದೇ ಊರಿನಲ್ಲಿ ಇಳಿಯುತ್ತಾರೆ.

ಇಷ್ಟು ಜಾಗ್ರತೆ ಯಾಕೆ ಬೇಕೆಂದರೆ, ಇಲ್ಲಿಯ ತಪ್ಪು ಒಂದು ಕಡೆ ನಿಲ್ಲುವುದಿಲ್ಲ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ನಮ್ಮ ಸಾಹಿತ್ಯಚರಿತ್ರೆಯ ಹೆಮ್ಮೆಯ ಸಂಗತಿ. ಪ್ರತಿಕಾರರು ನೋಡಿ ಬರೆಯುವ ಓಲೆಯಲ್ಲಿ ಒಂದು ಅಕ್ಷರ ತಪ್ಪಿದರೆ ಆ ತಪ್ಪೂ ಪ್ರತಿಯಿಂದ ಪ್ರತಿಗೆ ಇಳಿಯುತ್ತದೆ. ಇಂದಿನ ಸ್ಥಿತಿಯೂ ಇದೇ. ವೇಗ ಮಾತ್ರ ಬೇರೆ. ನಿಲ್ದಾಣದ ಫಲಕದ ಮೇಲೆ ಒಂದು ರೂಪ ಬರೆಯಲ್ಪಟ್ಟರೆ ಅದು ವೇಳಾಪಟ್ಟಿಗೆ, ಟಿಕೆಟ್ಟಿಗೆ, ನಕಾಶೆಗೆ ಹೋಗುತ್ತದೆ. ವಿಶ್ವಕೋಶವು ಅವನ್ನೇ ಆಕರವೆಂದು ಉಲ್ಲೇಖಿಸುತ್ತದೆ. ಮುಂದೆ ಫಲಕ ಬರೆಯಿಸುವವನು ವಿಶ್ವಕೋಶವನ್ನು ನೋಡುತ್ತಾನೆ. ಸುತ್ತು ಪೂರ್ಣವಾದ ಮೇಲೆ ಮೂಲಪಾಠ ಯಾವುದೆಂದು ಕೇಳುವವರೂ ಉಳಿಯುವುದಿಲ್ಲ. ಹೆಸರನ್ನು ಆಮೇಲೆ ತಿದ್ದುವುದು ಸುಲಭವೂ ಅಲ್ಲ. ರಾಜ್ಯ ಸರ್ಕಾರ ಪ್ರಸ್ತಾಪ ಕಳಿಸಬೇಕು. ಕೇಂದ್ರ ಗೃಹ ಸಚಿವಾಲಯವು ರೈಲ್ವೆ, ಅಂಚೆ, ಭಾರತೀಯ ಸರ್ವೇಕ್ಷಣ ಇಲಾಖೆಗಳನ್ನು ವಿಚಾರಿಸಿ ಒಪ್ಪಿಗೆ ಕೊಡಬೇಕು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರುಗಳು ಇಂಗ್ಲಿಷಿನಲ್ಲಿಯೂ ಕನ್ನಡದ ರೂಪಕ್ಕೆ ಬಂದವು. ಬೆಳಗಾವಿ, ಕಲಬುರಗಿ, ವಿಜಯಪುರ, ಹುಬ್ಬಳ್ಳಿಗಳು ಆ ಪಟ್ಟಿಯಲ್ಲಿದ್ದವು. ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು ಇರಲಿಲ್ಲ. ಇವು ನಗರಗಳ ಸಾಲಿನಲ್ಲಿ ಸಣ್ಣವು. ಸಣ್ಣ ಊರುಗಳ ಸರದಿ ಸುಲಭವಾಗಿ ಬರುವುದಿಲ್ಲ. ಆದ್ದರಿಂದ ಫಲಕ ಬರೆಯುವ ಮೊದಲಿನ ಈ ಹೊತ್ತೇ ಸರಿಯಾದ ಹೊತ್ತು.

ಇನ್ನು ಖಚಿತತೆಯ ವಿಷಯ. ಒಂದೇ ಹೆಸರಿನ ಎರಡು ಊರುಗಳಿದ್ದರೆ ವಿಶ್ವಕೋಶವು ಆವರಣದಲ್ಲಿಯೋ ಅಲ್ಪವಿರಾಮದ ಮುಂದೆಯೋ ಜಿಲ್ಲೆಯ ಹೆಸರನ್ನು ಸೇರಿಸುತ್ತದೆ. ಬೀಳಗಿಗೆ ಹಳಿ ಬಂದಿಲ್ಲ. ಆದರೆ ಹೆಸರಿನ ತೊಡಕು ಅದಕ್ಕೂ ಇದೆ. ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನಲ್ಲಿ ಬಿಳಗಿ ಎಂಬ ಊರಿದೆ. ಅದು ಬಿಳಗಿಯ ಅರಸರ ರಾಜಧಾನಿ, 16ನೇ ಶತಮಾನದ ರತ್ನತ್ರಯ ಬಸದಿಯಿಂದ ಜೈನ ವಾಸ್ತುವಿನ ವಿದ್ಯಾರ್ಥಿಗಳಿಗೆ ಪರಿಚಿತ. ಸಂಸ್ಕೃತದಲ್ಲಿ ಅದನ್ನು ಶ್ವೇತಪುರ ಎಂದು ಕರೆದಿದ್ದಾರೆ. ರೋಮನ್ ಬರಹದಲ್ಲಿ ಎರಡೂ ಒಂದೇ ಆಗಿ, ಬಸದಿಯನ್ನು ಹುಡುಕುವವನು ಬಾಗಲಕೋಟೆ ಜಿಲ್ಲೆಗೆ ಬಂದು ನಿಲ್ಲುವ ಸಂಭವವಿದೆ. ಕನ್ನಡ ಲಿಪಿಯಲ್ಲಿ ಒಂದು ದೀರ್ಘ ಸ್ವರವೇ ಎರಡು ಊರುಗಳನ್ನು ಬೇರ್ಪಡಿಸುತ್ತದೆ. ಮುಧೋಳಕ್ಕೂ ತೆಲಂಗಾಣದ ನಿರ್ಮಲ ಜಿಲ್ಲೆಯಲ್ಲಿ ಹೆಸರಿನ ಜೋಡಿಯೊಂದಿದೆ.

ಆದರೆ ಆವರಣ ಚಿಹ್ನೆಗೆ ಮೊದಲೇ ನಮ್ಮ ಜನ ಇದಕ್ಕೆ ಪರಿಹಾರ ಕಂಡುಕೊಂಡಿದ್ದರು. ಊರಿನ ಹೆಸರಿನ ಹಿಂದೆ ಗುರುತಿನ ಮಾತೊಂದನ್ನು ಇಡುವುದು ಆ ಪರಿಹಾರ. ಬಸವನ ಬಾಗೇವಾಡಿ, ಹಿರೇಬಾಗೇವಾಡಿ, ಹೂವಿನ ಹಡಗಲಿ, ಚನ್ನಮ್ಮನ ಕಿತ್ತೂರು. ಬೆಳುಗಲಿ ನಾಡಿನ ಹೆಸರನ್ನು ಉಳಿಸಿಕೊಂಡಿರುವ ಮುಧೋಳ ತಾಲೂಕಿನ ಊರನ್ನು ಇಂದು ರನ್ನ ಬೆಳಗಲಿ ಎನ್ನುತ್ತಾರೆ. ಮರಾಠಿ ಆಡಳಿತದ ಬಳುವಳಿಯಾಗಿ ಬಂದ ‘ಖುರ್ದ’, ‘ಬುದ್ರುಕ’ ಎಂಬ ಕಿರಿದು-ಹಿರಿದುಗಳ ಜೋಡಿಯೂ ಇದೇ ಜಾತಿಯದು. ಮಿರಜ ಮಾರ್ಗದ ಉಗಾರ ಖುರ್ದ ನಿಲ್ದಾಣದ ಫಲಕದಲ್ಲಿ ಅದು ಇಂದಿಗೂ ಇದೆ. ಕನ್ನಡದ ಪುಟಗಳಿಗೆ ಶೀರ್ಷಿಕೆ ಕೊಡುವವರು ಮೊದಲು ಈ ದೇಶೀಯ ಕ್ರಮವನ್ನು ನೋಡಬೇಕು. ಅದು ಸಿಕ್ಕದಲ್ಲಿ ಮಾತ್ರ ಜಿಲ್ಲೆಯ ಹೆಸರಿನ ಆವರಣಕ್ಕೆ ಹೋಗಬೇಕು.

ರೈಲ್ವೆಯು ತನ್ನದೇ ಆದ ಗುರುತಿನ ಮಾತುಗಳನ್ನು ತಂದಿತು. ಅವುಗಳಲ್ಲಿ ‘ರೋಡ್’ ಎಂಬುದು ಬಹಳ ಪ್ರಾಮಾಣಿಕವಾದುದು. ಕುಡಚಿಯಿಂದ ಬೆಳಗಾವಿಯತ್ತ ಹೋಗುವಾಗ ಚಿಕ್ಕೋಡಿ ರೋಡ್, ಗೋಕಾಕ ರೋಡ್ ನಿಲ್ದಾಣಗಳು ಬರುತ್ತವೆ. ಊರು ಇಲ್ಲಿಲ್ಲ, ಊರಿಗೆ ಹೋಗುವ ದಾರಿ ಇಲ್ಲಿದೆ ಎಂದು ಆ ಒಂದು ಪದ ಪ್ರಯಾಣಿಕನಿಗೆ ಮೊದಲೇ ತಿಳಿಸಿಬಿಡುತ್ತದೆ. ‘ಸಿಟಿ’, ‘ಕಂಟೋನ್ಮೆಂಟ್’ ಎಂಬವೂ ಹೀಗೆಯೇ ಬಂದವು. ಬೆಂಗಳೂರಿಗೆ 1864ರಲ್ಲಿ ಮದರಾಸಿನ ರೈಲು ಬಂದು ತಲುಪಿದ್ದು ದಂಡಿನ ಪ್ರದೇಶಕ್ಕೆ. ಪೇಟೆಯ ಬಳಿ ಇನ್ನೊಂದು ನಿಲ್ದಾಣವಾದಾಗ ‘ಸಿಟಿ’ ಎಂಬುದು ಹೆಸರಿನ ಅವಿಭಾಜ್ಯ ಅಂಗವಾಯಿತು. ಇಂಥಲ್ಲಿ ವಿವರಣೆಯೇ ನಾಮವಾಗಿರುವುದರಿಂದ ಅದನ್ನು ಕಳಚುವಂತಿಲ್ಲ, ಕನ್ನಡಿಸುವುದೂ ಕಷ್ಟ.

ರಬಕವಿ-ಬನಹಟ್ಟಿಯದು ಬೇರೆಯ ಬಗೆಯ ಸಮಸ್ಯೆ. ನೇಕಾರಿಕೆಯ ಈ ಅವಳಿ ಊರುಗಳಿಗೆ ಒಂದೇ ನಗರಸಭೆ, ಒಂದೇ ತಾಲೂಕು. ವ್ಯಾಕರಣದ ದೃಷ್ಟಿಯಿಂದ ಇದು ದ್ವಂದ್ವ ಸಮಾಸ; ಎರಡು ಪದಗಳಿಗೂ ಸಮಾನ ಪ್ರಾಧಾನ್ಯ. ನಿಯಮದಂತೆ ಬಹುವಚನ ಹಚ್ಚಿ ‘ರಬಕವಿ-ಬನಹಟ್ಟಿಗಳಲ್ಲಿ’ ಎನ್ನಬೇಕು. ಜನ ‘ರಬಕವಿ-ಬನಹಟ್ಟಿಯಲ್ಲಿ’ ಎಂದು ಏಕವಚನದಲ್ಲಿಯೇ ಹೇಳುತ್ತಾರೆ. ಎರಡು ಊರು ಬೆಳೆದು ಒಂದಾದ ಸಂಗತಿಯನ್ನು ವಿಭಕ್ತಿ ಪ್ರತ್ಯಯವೇ ದಾಖಲಿಸಿದೆ. ನಡುವಿನ ಅಡ್ಡಗೆರೆ ಇಲ್ಲಿ ಅಲಂಕಾರವಲ್ಲ. ಅದನ್ನು ಬಿಟ್ಟು ‘ರಬಕವಿ ಬನಹಟ್ಟಿ’ ಎಂದರೆ, ರನ್ನ ಬೆಳಗಲಿಯಂತೆ ಮೊದಲ ಪದವು ಎರಡನೆಯದರ ವಿಶೇಷಣವೆಂದು ಪರಸ್ಥಳದವರು ತಿಳಿದಾರು. ಇಂಥ ಊರುಗಳ ಬಳಿಯ ನಿಲ್ದಾಣಕ್ಕೆ ಹೆಸರಿಡುವಾಗ ಒಂದನ್ನು ಬಿಟ್ಟು ಇನ್ನೊಂದನ್ನು ಉಳಿಸುವ ಸಂಕ್ಷಿಪ್ತತೆಯ ಆಸೆ ಸಲ್ಲದು. ಐದು ಗುಣಗಳಲ್ಲಿ ಸಂಕ್ಷೇಪವೂ ಒಂದು, ನಿಜ. ಆದರೆ ಖಚಿತತೆಯನ್ನು ಬಲಿಗೊಟ್ಟು ಸಂಕ್ಷೇಪವನ್ನು ಸಾಧಿಸಬಾರದು. ನೆರೆಯ ತೇರದಾಳದಲ್ಲಿ ಈ ತೊಡಕಿಲ್ಲ. ಗೊಂಕನು ನೇಮಿನಾಥ ಬಸದಿಯನ್ನು ಕಟ್ಟಿಸಿದ ಸಂಗತಿಯನ್ನು ಹೇಳುವ ಅಲ್ಲಿಯ 1123ರ ಶಾಸನದಲ್ಲಿ ಊರು ‘ತೇರಿದಾಳ’ವಾಗಿದೆ. ಒಂಬತ್ತು ಶತಮಾನಗಳಲ್ಲಿ ಕನ್ನಡಿಗರ ಬಾಯಲ್ಲಿ ಆ ಹೆಸರು ಬದಲಾದದ್ದು ಒಂದು ಸ್ವರದಷ್ಟು ಮಾತ್ರ.

ಕೊನೆಯದಾಗಿ, ಗೌರವಸೂಚಕ ಹೆಸರುಗಳ ವಿಚಾರ. ಬೆಂಗಳೂರು ಸಿಟಿ ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರನ್ನಿಟ್ಟರು. 2020ರಲ್ಲಿ ಹುಬ್ಬಳ್ಳಿಯ ನಿಲ್ದಾಣಕ್ಕೆ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರು ಬಂದಿತು. ಇಬ್ಬರೂ ನಾಡಿನ ಗೌರವಕ್ಕೆ ಪಾತ್ರರು. ಆದರೆ ಬಳಕೆಯಲ್ಲಿ ಆದುದೇನು? ರಾಯಣ್ಣನು ಟಿಕೆಟ್ಟಿನ ಮೇಲೆ ‘ಕೆಎಸ್ಆರ್’ ಎಂಬ ಮೂರು ಅಕ್ಷರಗಳಾದನು. ಆ ಮೂರು ಅಕ್ಷರಗಳಲ್ಲಿ ಕಿತ್ತೂರಿನ ವೀರನನ್ನು ಕಾಣುವ ಹೊರರಾಜ್ಯದ ಪ್ರಯಾಣಿಕರು ಎಷ್ಟು ಮಂದಿ? ನಗರದ ಜನ ಇಂದಿಗೂ ‘ಸಿಟಿ ಸ್ಟೇಷನ್’ ಎಂದೋ ‘ಮೆಜೆಸ್ಟಿಕ್’ ಎಂದೋ ಹೇಳುತ್ತಾರೆ. ರೈಲ್ವೆಯ ಸಂಕೇತವೂ ಹಳೆಯ ‘ಎಸ್‌ಬಿಸಿ’ಯೇ. ಅಧಿಕೃತ ಹೆಸರೋ ಬಳಕೆಯ ಹೆಸರೋ ಎಂಬ ವಿಶ್ವಕೋಶದ ವಾದಗಳು ಹುಟ್ಟುವುದು ಇಂಥ ಬಿರುಕಿನಲ್ಲಿಯೇ.

ಮುಧೋಳದ ನಿಲ್ದಾಣಕ್ಕೂ ಕವಿಚಕ್ರವರ್ತಿ ರನ್ನನ ಹೆಸರನ್ನು ಇಡಬೇಕೆಂಬ ಮಾತು ಮುಂದೊಂದು ದಿನ ಬಂದರೆ ಆಶ್ಚರ್ಯವಿಲ್ಲ. ಸಕ್ಕರೆ ಕಾರ್ಖಾನೆಯ ನೆಲೆಗೆ ರನ್ನನಗರವೆಂಬ ಹೆಸರಿದೆ. ‘ರನ್ನ ವೈಭವ’ ಉತ್ಸವ ನಡೆದಿದೆ. ರನ್ನನ ಕಾವ್ಯಗಳನ್ನು ಮೂರು ದಶಕಗಳಿಂದ ಪಾಠ ಮಾಡುತ್ತ ಬಂದ ನಾನು ಆ ಮಾತಿಗೆ ಮೊದಲು ಸಹಿ ಹಾಕಬೇಕೆಂದು ಕೆಲವರು ನಿರೀಕ್ಷಿಸಿಯಾರು. ನಾನು ಹಾಕಲಾರೆ. ‘ಕೆಸಿಆರ್ ಮುಧೋಳ’ ಎಂಬ ಟಿಕೆಟ್ಟಿನಲ್ಲಿ ರನ್ನನಿರುವುದಿಲ್ಲ. ನಿಲ್ದಾಣದೊಳಗೆ ಅವನ ಪ್ರತಿಮೆ ಇರಲಿ, ಅವನ ಕೃತಿಗಳ ಪರಿಚಯ ಫಲಕವಿರಲಿ, ಪುಸ್ತಕದ ಅಂಗಡಿಯೊಂದಿದ್ದರೆ ಇನ್ನೂ ಒಳ್ಳೆಯದು. ಊರಿನ ಹೆಸರು ಮಾತ್ರ ಊರಿನದೇ ಆಗಿ ಉಳಿಯಲಿ. ಯಾಕೆಂದರೆ ಆ ಹೆಸರು ರನ್ನನಿಗಿಂತ ಹಿರಿದು. ಅವನು ಹುಟ್ಟುವ ಹೊತ್ತಿಗೇ ಅದು ‘ಹಳೆಯ ಪಟ್ಟಣ’ವಾಗಿತ್ತು. ತನ್ನ ಬಿರುದುಗಳ ಬಗ್ಗೆ ಅಷ್ಟು ಅಭಿಮಾನವಿದ್ದ ಕವಿ ತನ್ನ ಊರನ್ನು ಹೇಳುವಾಗ ಯಾವ ವಿಶೇಷಣದ ಹಂಗೂ ಇಲ್ಲದೆ ಅದರ ಹೆಸರನ್ನೇ ಹೇಳಿದನು.

ವಿದ್ಯಾರ್ಥಿಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ. ನೀವು ನಿಮ್ಮ ಊರಿನ ನಿಲ್ದಾಣದ ಬಗ್ಗೆ ವಿಶ್ವಕೋಶದಲ್ಲಿ ಬರೆಯುವಾಗ, ಶೀರ್ಷಿಕೆಯಲ್ಲಿ ಊರಿನ ಕನ್ನಡ ರೂಪವನ್ನು ಪೂರ್ಣವಾಗಿ, ನಡುವಿನ ಅಕಾರ ಸಹಿತವಾಗಿ ಬರೆಯಿರಿ. ಅದರ ಮುಂದೆ ‘ರೈಲು ನಿಲ್ದಾಣ’ ಎಂದರೆ ಸಾಕು. ಅದು ವಿವರಣೆ, ಎಲ್ಲ ಪುಟಗಳಲ್ಲಿಯೂ ಒಂದೇ ತೆರನಾಗಿರಲಿ. ಅಧಿಕೃತವಾದ ದೀರ್ಘ ಹೆಸರಿದ್ದರೆ ಅದನ್ನು ಮೊದಲ ವಾಕ್ಯದಲ್ಲಿ ಕೊಡಿರಿ. ಶಾಸನ, ಕಾವ್ಯ, ಗ್ಯಾಸೆಟಿಯರುಗಳಲ್ಲಿ ದೊರೆಯುವ ಹಳೆಯ ರೂಪಗಳನ್ನು ಕಾಲಸಹಿತ ದಾಖಲಿಸಿ, ಅವೆಲ್ಲವುಗಳಿಂದಲೂ ಆ ಪುಟಕ್ಕೆ ದಾರಿ ಮಾಡಿರಿ. ಇಂಗ್ಲಿಷ್ ಪುಟಗಳಲ್ಲಿ ವಾದಿಸುವ ಸಂದರ್ಭ ಬಂದರೆ ಅಭಿಮಾನದ ಮಾತುಗಳನ್ನಾಡಬೇಡಿರಿ, ಆಕರಗಳನ್ನು ಮುಂದಿಡಿರಿ. ಆಕರಗಳ ಸಂಖ್ಯೆಯಲ್ಲಿ ಅವರು ಗೆದ್ದಾರು. ವಯಸ್ಸಿನಲ್ಲಿ ನಮ್ಮವೇ ಹಿರಿಯವು.